ಐದು ರೂಪಾಯಿಯ ಗೊಂಬೆ

ಗೆಳೆಯರೇ, ನಿನ್ನೆ ಸಂಜೆ ಸಹಕಾರನಗರದ ಪಾರ್ಕಿನಲ್ಲಿ ಇದನ್ನು ಹೇಳಿದವರು ಸ್ಟೆಲ್ಲಮ್ಮ. ಎಪ್ಪತ್ತರ ದಶಕ, ಹೆಬ್ಬಾಳದ ವಠಾರ. ಗಂಡ ಅಂತೋಣಪ್ಪ ಕ್ರಿಸ್‌ಮಸ್‌ಗೆಂದು ಮಗಳಿಗೆ ಕಣ್ಣು ಮಿಟುಕಿಸುವ ಗೊಂಬೆ ತಂದರು. ಕೊಟ್ಟದ್ದು ಇಪ್ಪತ್ತೈದು ರೂಪಾಯಿ. ಬೈಗುಳಕ್ಕೆ ಹೆದರಿ, "ಐದೇ ರೂಪಾಯಿ ಕಣೇ" ಎಂದರು.

ಸ್ಟೆಲ್ಲಮ್ಮ ಹಿಗ್ಗಿ ವಠಾರಕ್ಕೆಲ್ಲ ಸಾರಿದರು. ಪಕ್ಕದ ಮನೆಯ ಖೈರುನ್ನೀಸಾ, ಎದುರುಮನೆಯ ಗೌರಮ್ಮ ಐದೈದು ರೂಪಾಯಿ ಹಿಡಿದು ಬಂದರು. "ಅಣ್ಣಾ, ನಮ್ ಮಗೂಗೂ ಅಂಥದ್ದೇ ತಂದ್ಕೊಡಿ."

ಅಂತೋಣಪ್ಪ ಉಳಿದದ್ದನ್ನು ಕೈಯಿಂದ ಹಾಕಿ ಇಬ್ಬರಿಗೂ ತಂದುಕೊಟ್ಟರು. ಆಮೇಲೆ ಯುಗಾದಿಯವರೆಗೂ ಬಸ್ಸು ಬಿಟ್ಟು, ಯಶವಂತಪುರದ ಕಾರ್ಖಾನೆಗೆ ನಡೆದೇ ಹೋದರು. "ಆರೋಗ್ಯಕ್ಕೆ ಒಳ್ಳೇದು" ಎನ್ನುತ್ತಿದ್ದರಂತೆ.

"ಅಂಗಡಿ ಚೀಟಿ ಅವ್ರ ಜೇಬಲ್ಲಿ ಸಿಕ್ಕಿತ್ತು. ನಾನೂ ಕೇಳ್ಲಿಲ್ಲ. ಡಬ್ಬಿಗೆ ಇನ್ನೊಂದು ಚಪಾತಿ ಹಾಕ್ತಿದ್ದೆ" ಎಂದರು ಸ್ಟೆಲ್ಲಮ್ಮ.

ಕಥೆ ಕೇಳಿದ್ದ ನನ್ನ ಹೆಂಡತಿ ಇವತ್ತು ಬೆಳಿಗ್ಗೆ, "ಮೊಮ್ಮಗನ ಸೈಕಲ್‌ಗೆ ನಿಜವಾಗ್ಲೂ ಎಷ್ಟು ಕೊಟ್ರಿ?" ಎಂದಳು. ಸರಿಯಾದ ಬೆಲೆಯನ್ನೇ ಹೇಳಿಬಿಟ್ಟೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅರವತ್ತು ಮನೆಗಳಿವೆ.