ರೂಬೆನ್ ಹಾಡಿನ ಮೂರನೆಯ ಸಾಲು

೨೦೨೩ರಲ್ಲಿ ನಾನು ಕ್ವಾಲಾಲಂಪುರದ ಬಾಂಗ್ಸಾರ್‌ನ ಒಂದು ಸ್ಟುಡಿಯೋದಲ್ಲಿ ಆಡಿಯೋ ರೆಸ್ಟೊರೇಶನ್ ಇಂಜಿನಿಯರ್ ಆಗಿದ್ದೆ. ಹಳೆಯ ಟೇಪುಗಳ ಗರಗರ ಸದ್ದು ತೆಗೆದು ಒಳಗಿನ ಹಾಡನ್ನು ಉಳಿಸಿಕೊಡುವ ಕೆಲಸ. ದಾವಣಗೆರೆಯಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಳೆದ ನನಗೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಬೇಗನೆ ಗೊತ್ತಾಗಿತ್ತು. ಅನುಮಾನ ಪಡಲು ನನಗೆ ಯಾರೂ ಸಂಬಳ ಕೊಡಬೇಕಾಗಿರಲಿಲ್ಲ.

ಬ್ಲೂಸ್ ಹಾಡುಗಾರ ರೂಬೆನ್ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಕೋಲಾರದ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ ಹುಟ್ಟಿದವರು. ಹೋಟೆಲ್ ಬ್ಯಾಂಡೊಂದರ ಜೊತೆ ಮಲೇಷ್ಯಾಕ್ಕೆ ಬಂದು, ಬ್ರಿಕ್‌ಫೀಲ್ಡ್ಸ್‌ನಲ್ಲಿ ಮನೆ ಮಾಡಿ, ಬದುಕಿಡೀ ಹಾಡಿದರು. ಬ್ಲೂಸ್ ಪದ್ಯಕ್ಕೆ ಸಾಮಾನ್ಯವಾಗಿ ಮೂರು ಸಾಲು. ಮೊದಲ ಸಾಲನ್ನೇ ಎರಡನೆಯ ಸಲವೂ ಹಾಡುತ್ತಾರೆ. ಮೂರನೆಯದು ಅದಕ್ಕೆ ಉತ್ತರ. ರೂಬೆನ್ ಎರಡು ಸಾಲು ಹಾಡಿ, ಗಿಟಾರ್ ನಿಲ್ಲಿಸಿ, ಕಣ್ಣು ಮುಚ್ಚಿ ಕಾಯುತ್ತಿದ್ದರು. ಮೂರನೆಯ ಸಾಲು ಅವರಿಗೆ ವೇದಿಕೆಯ ಮೇಲೆಯೇ ಹೊಳೆಯುತ್ತದೆ ಎಂಬ ಪ್ರತೀತಿ ಇತ್ತು. ಅವರ ಹೆಸರುವಾಸಿ ಇಂಗ್ಲಿಷ್ ಹಾಡೊಂದರ ಅರ್ಥ ಸುಮಾರು ಹೀಗಿದೆ: ‘ಅಪ್ಪ ಗಣಿಗೆ ಇಳಿದ, ದೀಪ ಹಿಡಿದು ಇಳಿದ’ ಎಂದು ಎರಡು ಸಲ, ಆಮೇಲೆ, ‘ಬತ್ತಿ ಹೊಸೆದವಳು ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ.’ ಈಗಲೂ ಸುಬಾಂಗ್ ಜಯಾದ ಕಾಲೇಜು ಬ್ಯಾಂಡುಗಳವರು ಮೂರನೆಯ ಸಾಲಿಗೆ ಮುಂಚೆ ಕಣ್ಣು ಮುಚ್ಚುತ್ತಾರೆ.

ರೂಬೆನ್ ಮನೆಯಲ್ಲೇ ಧ್ವನಿಮುದ್ರಿಸಿಟ್ಟ ಕ್ಯಾಸೆಟ್‌ಗಳನ್ನು ಆಲ್ಬಂ ಮಾಡಲು ಒಂದು ರೆಕಾರ್ಡ್ ಕಂಪನಿ ಹೊರಟಿತ್ತು. ಅವು ರೂಬೆನ್‌ರ ಶಿಷ್ಯ, ಬ್ಯಾಂಡಿನ ಗಿಟಾರ್ ವಾದಕ ನಾಥನ್ ಬಳಿ ಇದ್ದವು. ಕೇಳಿದರೆ, ಪ್ರತಿ ಹಾಡಿನಲ್ಲೂ ಮೂರನೆಯ ಸಾಲಿನ ಜಾಗ ಖಾಲಿ. ರೂಬೆನ್‌ರ ಹೆಂಡತಿ ಸ್ಟೆಲ್ಲಾ ಆಂಟಿ ಕೆರಳಿದರು. ನಾನು ಕನ್ನಡದವನೆಂದು ತಿಳಿದ ಮೇಲಂತೂ ನೇರವಾಗಿ ನನಗೇ ಫೋನ್ ಮಾಡತೊಡಗಿದರು.

“ಆ ನಾಥನ್ ಅಳಿಸಿದ್ದಾನೆ ತಮ್ಮಾ. ನಾಳೆ ಆ ಲೈನೆಲ್ಲ ನಂದೇ ಅಂತಾನೆ, ನೋಡ್ತಿರು. ನೀನು ರಿಪೋರ್ಟ್ ಕೊಡು, ನಾನು ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ.”

ಕಂಪನಿಗೂ ಬೇಕಾದದ್ದು ಅದೇ: ಅಳಿಸಿದವರು ಯಾರು? ನಾಥನ್ ಮೇಲೆ ನನಗೂ ಗುಮಾನಿಯಿತ್ತು. ಮೂರನೆಯ ಸಾಲುಗಳು ತಮ್ಮ ಬ್ಯಾಂಡಿನ ಜೊತೆ ಹುಟ್ಟಿದವು ಎಂದು ಅವರು ಹಿಂದೆ ಸಂದರ್ಶನವೊಂದರಲ್ಲಿ ಹೇಳಿದ್ದರು. ಸ್ಟುಡಿಯೋಗೆ ಕರೆಸಿದಾಗ, ನಾನು ಏನೂ ಕೇಳುವ ಮೊದಲೇ, “ನಾನು ಮುಟ್ಟಿಲ್ಲ ಲಾ, ಗುರುಗಳು ಕೊಟ್ಟಿದ್ದೇ ಹೀಗೆ” ಎಂದು ಮಲೇಷ್ಯಾ ಧಾಟಿಯ ಇಂಗ್ಲಿಷಿನಲ್ಲಿ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡೆ. ಅರವತ್ತು ಸಮೀಪಿಸಿದ್ದ ಆ ಮನುಷ್ಯ ಮಕ್ಕಳಿಗೆ ಗಿಟಾರ್ ಕಲಿಸಿ ಬದುಕುತ್ತಿದ್ದರು. ಗುರುವಿನ ಟೇಪು ಅಳಿಸಿದವನು ಎಂಬ ಹೆಸರು ಬಂದರೆ ಆ ಬದುಕು ಮುಗಿದಂತೆಯೇ.

ನಮ್ಮ ಕೆಲಸದಲ್ಲಿ ರೂಮ್ ಟೋನ್ ಎಂಬುದೊಂದಿದೆ. ಯಾರೂ ಮಾತಾಡದಿದ್ದರೂ ಕೋಣೆಗೆ ತನ್ನದೇ ಸದ್ದಿರುತ್ತದೆ: ಫ್ಯಾನು, ರಸ್ತೆ, ಪಕ್ಕದ ಮನೆ. ಹಾಡುಗಾರ ಸುಮ್ಮನಾದರೂ ಟೇಪಿನಲ್ಲಿ ಅದು ಮುಂದುವರಿಯುತ್ತದೆ. ಈ ಖಾಲಿ ಜಾಗಗಳಲ್ಲಿ ಫ್ಯಾನಿನ ಸದ್ದೂ ಇರಲಿಲ್ಲ. ಅಂದರೆ ರೂಬೆನ್ ಸುಮ್ಮನಾಗಿದ್ದಲ್ಲ, ಯಾರೋ ಬೇಕೆಂದೇ ಅಳಿಸಿದ್ದರು. ಹಳೆಯ ಟೇಪ್ ರೆಕಾರ್ಡರಿನ ಮೈಕ್ ತೂತಿಗೆ ಖಾಲಿ ಪಿನ್ ಸಿಕ್ಕಿಸಿ ರೆಕಾರ್ಡ್ ಒತ್ತಿದರೆ ಹಳೆಯದು ಹೋಗುತ್ತದೆ, ಹೊಸದೇನೂ ಸೇರುವುದಿಲ್ಲ. ಅಪ್ಪನ ಅಂಗಡಿಗೆ ಬರುವವರೆಲ್ಲ ಮಾಡುತ್ತಿದ್ದ ಉಪಾಯ ಇದು.

ಆದರೆ ಅಗ್ಗದ ಯಂತ್ರ ಪೂರ್ತಿ ಅಳಿಸುವುದಿಲ್ಲ. ಉಳಿದ ಚೂರುಪಾರನ್ನು ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ, ಶಬ್ದವನ್ನು ಸೋಸುತ್ತಾ ಹೋದೆ. ಒಂದು ದನಿ ಮೇಲೆ ಬಂತು. ರೂಬೆನ್‌ದಲ್ಲ, ನಾಥನ್‌ದೂ ಅಲ್ಲ. ದಿನಾ ನನಗೆ ಫೋನ್ ಮಾಡಿ ಕಾಡುತ್ತಿದ್ದ ದನಿಯೇ ಮೂರನೆಯ ಸಾಲು ಹೇಳುತ್ತಿತ್ತು. ಹಿಂದೆ ಪಾತ್ರೆ ತೊಳೆಯುವ ಸದ್ದು.

ಮುದುಕಿ ತಾವೇ ಅಳಿಸಿ ನಾಟಕ ಆಡುತ್ತಿದ್ದಾರೆಯೇ ಎಂಬ ಹೊಸ ಅನುಮಾನ ಹುಟ್ಟಿತು. ಉಳಿದ ಖಾಲಿ ಜಾಗಗಳನ್ನೂ ಒಂದೊಂದಾಗಿ ಕೇಳಿದೆ. ಒಂದು ಕಡೆ ಪಿನ್ ಸಡಿಲವಾಗಿತ್ತೇನೋ, ಅಳಿಸುವಾಗಿನ ಕೋಣೆಯ ಸದ್ದು ಒಳಗೆ ಬಂದಿತ್ತು. ಅದನ್ನು ಕೇಳಿ ಹೆಡ್‌ಫೋನ್ ತೆಗೆದಿಟ್ಟೆ. ಮನಸ್ಸು ಕಹಿಯಾಯಿತು.

ಮಾರನೆಯ ದಿನ ಆಂಟಿಯನ್ನೂ ನಾಥನ್‌ರನ್ನೂ ಒಟ್ಟಿಗೆ ಕೂರಿಸಿದೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊದಲು ಸೋಸಿ ತೆಗೆದ ದನಿ ಕೇಳಿಸಿದೆ.

“ಇದು ನಾನೇ ಅಲ್ವಾ!” ಆಂಟಿ ನಕ್ಕುಬಿಟ್ಟರು. “ಇವರು ಎರಡು ಸಲ ಹಾಡೋರು, ನಾನು ಸಿಂಕ್ ಹತ್ರ ನಿಂತು ಉತ್ತರ ಕೊಡೋದು. ದಿನಾ ಇದ್ದಿದ್ದೇ.”

“ಮತ್ತೆ ಆ ಸಾಲು ನಿಮ್ಮದೇ ತಾನೇ ಆಂಟಿ?”

“ಅಯ್ಯೋ, ಗಿಟಾರ್ ಯಾರ ಕೈಲಿತ್ತಪ್ಪಾ? ಹಾಡು ಅವರದು. ನಾನು ಸುಮ್ಮನೆ ಬಾಯಿಗೆ ಬಂದಿದ್ದು ಅಂದೆ.”

ಎರಡನೆಯ ತುಣುಕು ಹಾಕಿದೆ, ಅಳಿಸುವಾಗ ಒಳಗೆ ಸೇರಿಕೊಂಡದ್ದು. ಗುಂಡಿ ಒತ್ತಿದ ಸದ್ದು, ಹತ್ತಿರದಲ್ಲಿ ಉಸಿರು. ಆಮೇಲೆ ರೂಬೆನ್‌ರ ದನಿ, ಒಳಕೋಣೆಯ ಕಡೆಗೆ ಕೂಗಿದ್ದು: “ಸ್ಟೆಲ್ಲಾ, ಟೀ ತಗೊಂಡು ಬಾರೇ. ಸಕ್ಕರೆ ಕಮ್ಮಿ.”

ಕನ್ನಡ ಬಾರದ ನಾಥನ್‌ಗೂ ದನಿ ಯಾರದೆಂದು ಗೊತ್ತಾಯಿತು. ಅವರು ತಲೆ ತಗ್ಗಿಸಿದರು.

“ಕೊಟ್ಟಿದ್ದೆ,” ಎಂದರು ಆಂಟಿ, ಸ್ಪೀಕರಿನ ಕಡೆ ನೋಡುತ್ತಾ. “ಟೀ ಕೊಟ್ಟಿದ್ದೆ.”

ಆಮೇಲೆ ನಾಥನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು. ಅವರು ಎದ್ದು ಬಂದು ಆಂಟಿಯ ಕೈ ಹಿಡಿದುಕೊಂಡರು. ಟೀ ಕೇಳಿದ ತುಣುಕನ್ನು ತೆಗೆದುಹಾಕಲೇ ಎಂದು ನಾನು ಮೆಲ್ಲಗೆ ಕೇಳಿದೆ.

“ತೆಗೀಬೇಡ. ನನ್ನ ದನಿನೂ ಇರಲಿ, ಅವರು ಕೂಗಿದ್ದೂ ಇರಲಿ. ಹೆಸರು ಇಬ್ಬರದೂ ಹಾಕು. ನಂದು ಮೊದಲು.”

ಆಲ್ಬಂ ಹಾಗೆಯೇ ಬಂತು. ಪ್ರತೀತಿ ಕೆಟ್ಟಿತೆಂದು ಕೆಲವು ಅಭಿಮಾನಿಗಳು ಮುನಿಸಿಕೊಂಡರು. ಮುನಿಸಿಕೊಳ್ಳಲಿ. ದೂರು ಹೊತ್ತವನನ್ನು ಶಂಕಿಸಿದೆ, ದೂರು ಕೊಟ್ಟವಳನ್ನೂ ಶಂಕಿಸಿದೆ. ಹೆಂಡತಿಯ ದನಿಯನ್ನು ತಾವೇ ಅಳಿಸಿ, ಈಗ ಗೋಡೆಯ ಮೇಲೆ ಫೋಟೋ ಆಗಿದ್ದ ರೂಬೆನ್‌ರನ್ನು ಮಾತ್ರ ಯಾರೂ ಪ್ರಶ್ನಿಸಿರಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾವ ಟೇಪು ಕೈಗೆ ಬಂದರೂ ಮೊದಲ ಅನುಮಾನ ನಾವು ಕೈಮುಗಿಯುವವರ ಮೇಲೆ ಇರಬೇಕು.