ಅಮರಾಯಿ ತಿರುವಿನಲ್ಲಿ ಎಲ್ಲರೂ ಇಳಿಯುತ್ತಾರೆ

ಕಲಬುರಗಿಯಿಂದ ಕಮಲಾಪುರಕ್ಕೆ ಇಪ್ಪತ್ತು ಮೈಲಿಗೂ ಹೆಚ್ಚು; ಟಿಕೆಟ್ಟು ಹತ್ತಾಣೆ. ಆ ಬಸ್ಸು ಓಡಿಸುವವನು ನನ್ನ ಅಕ್ಕ ನೀಲಮ್ಮನ ಗಂಡ, ಶರಣಪ್ಪ ಮಾವ. ಆದರೂ ಅಕ್ಕ ಒಮ್ಮೆಯೂ ಆ ದಾರಿ ಕಂಡವಳಲ್ಲ. ಹೋದ ಮಳೆಗಾಲದಲ್ಲಿ ಇನ್ನೊಬ್ಬ ಡ್ರೈವರ್ ಅಮರಾಯಿ ತಿರುವಿನಲ್ಲಿ ಬಸ್ಸಿನ ಸಮೇತ ಹಳ್ಳಕ್ಕೆ ಉರುಳಿ ಸತ್ತಿದ್ದ. 'ಅಂವ ಕುಡದಿದ್ದ' ಎಂದು ಮಾವ ಮನೆಯಲ್ಲಿ ಹೇಳಿದ್ದ. ಅಕ್ಕ ನಂಬಿರಲಿಲ್ಲ.

ಈ ಸಲ ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅವಳೇ ಕಲಬುರಗಿಯ ಬ್ರಹ್ಮಪುರದ ಮನೆಯಿಂದ ನನ್ನನ್ನು ಕರೆದುಕೊಂಡು ಹೊರಟಳು. ಸಡಕಿನ ಇಂಜಿನಿಯರ್ ಸಾಹೇಬರು ಕಮಲಾಪುರದ ಡಾಕ್ ಬಂಗಲೆಯಲ್ಲಿ ಇಳಿದಿದ್ದಾರೆಂದು ಕೇಳಿದ್ದಳಂತೆ.

"ಕಾಲೇಜಿನ್ಯಾಗ ವಾದ ಮಾಡಿ ಕಪ್ ಗೆದ್ದೀಯಲ್ಲ, ನನಗೂ ಒಂದ್ ಸಲ ಗೆದ್ದ ಕೊಡು," ಎಂದಳು. "ನೆಟ್ಟಗಿನ ರಸ್ತಾ ಮಾಡ್ಸು. ಇಲ್ಲಂದ್ರ ಈ ಮಳಿಗಾಲ ನಿಮ್ಮ ಮಾವ ದಾಟಂಗಿಲ್ಲ."

"ಮಾವಗ ಬ್ಯಾರೆ ಲೈನ್ ಕೇಳು ಅನ್ನು."

"ಅಂದೀನಿ. 'ನಾ ಬಿಟ್ರ ಹೊಸ ಹುಡುಗನ್ನ ಹಾಕ್ತಾರ, ಅಂವ ಮೊದಲನೇ ದಿನಾನೇ ಹೋಗ್ತಾನ' ಅಂತಾನ."

ಸಂತೆಯ ದಿನ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರೆಹೊಲಗಳು ಮಳೆಗೆ ಉಬ್ಬಿ, ಸಡಕಿನ ಅಂಚನ್ನು ಅಲ್ಲಲ್ಲಿ ಕಚ್ಚಿಕೊಂಡು ಹೋಗಿದ್ದವು. ಕಮಲಾಪುರ ಇನ್ನೂ ದೂರವಿರುವಾಗಲೇ ಬಸ್ಸು ನಿಂತಿತು. ಕಂಡಕ್ಟರ್ ಖಾಸೀಮ ಬಾಗಿಲು ಬಡಿದ: "ಉತರೋ, ಉತರೋ! ಇಳೀರಿ ಯಪ್ಪಾ, ಅಮರಾಯಿ ಬಂತು!"

ಯಾರೂ ಗೊಣಗಲಿಲ್ಲ. ಬಾಣಂತಿ ಇಳಿದಳು, ಮುದುಕರು ಇಳಿದರು, ಕೋಳಿ ಬುಟ್ಟಿಗಳೂ ಇಳಿದವು. ಒಳಗೆ ಉಳಿದವನು ಶರಣಪ್ಪ ಮಾವ ಒಬ್ಬನೇ. ಅವನು ಕೋಟು ಬಿಚ್ಚಿ, ಕೈಗಡಿಯಾರ ಅದರ ಜೇಬಿಗೆ ಹಾಕಿ, ಕಿಟಕಿಯಿಂದ ಖಾಸೀಮನ ಕೈಗೆ ಕೊಟ್ಟ. ಖಾಸೀಮ ಅದನ್ನು ತನ್ನ ಕೋಟಿನ ಮೇಲೇ ತೊಟ್ಟುಕೊಂಡ.

"ಅದ್ಯಾಕ ಕೊಟ್ಟಾನ?" ಅಕ್ಕ ಖಾಸೀಮನನ್ನು ಕೇಳಿದಳು.

"ರಿವಾಜ್ ಅದರೀ ಅಕ್ಕಾರ," ಎಂದ ಖಾಸೀಮ, ಅವಳ ಮುಖ ನೋಡದೆ. "ಮನಿಗೆ ಏನರೆ ಮುಟ್ಟಬೇಕಲ್ರಿ."

ಅಕ್ಕ ಸೆರಗು ಬಿಗಿದುಕೊಂಡು ಬಸ್ಸಿನ ಕಡೆ ತಿರುಗಿದಳು.

ನಾನು ತಿರುವನ್ನು ನೋಡಿದೆ. ನೆಟ್ಟಗೆ ಹೋಗಬೇಕಾದ ಸಡಕು ಒಬ್ಬ ಜಾಗೀರದಾರನ ಅಮರಾಯಿಯನ್ನು, ಎಂದರೆ ಮಾವಿನ ತೋಪನ್ನು, ಬಳಸಿ, ಹಳ್ಳದ ದಂಡೆಯಲ್ಲಿ ಕುಡುಗೋಲಿನಂತೆ ಬಾಗುತ್ತದೆ. ಮಳೆನೀರು ತೋಪಿಗೆ ನುಗ್ಗಬಾರದೆಂದು ಸಡಕನ್ನು ಹಳ್ಳದ ಕಡೆಗೇ ಇಳಿಜಾರು ಮಾಡಿದ್ದಾರೆ. ಟಾಂಗಾ ಓಡುತ್ತಿದ್ದ ಕಾಲಕ್ಕೆ ನಡೆದೀತು. ಬಸ್ಸು ಅಲ್ಲಿ ತಿರುಗಿದರೆ ಸಡಕೇ ಅದನ್ನು ಹಳ್ಳಕ್ಕೆ ತಳ್ಳುತ್ತದೆ. ಇಂದು ಜಾಗೀರಿಲ್ಲ, ತೋಪನ್ನೂ ಕಡಿದಾಗಿದೆ. ಇಲ್ಲದ ಮರಗಳನ್ನು ಕಾಯಲು ಇರುವ ಮನುಷ್ಯರು ಹೊರಳಬೇಕು. ಪಕ್ಕದಲ್ಲೇ ನೆಟ್ಟಗಿನ ಹೊಸ ಸಡಕಿಗೆಂದು ಹಾಕಿದ ಒಡ್ಡು, ಹಳ್ಳದೊಳಗೆ ಸೇತುವೆಗೆಂದು ಎತ್ತಿದ ಮೂರು ಕಲ್ಲಿನ ಕಂಬ. ಪೊಲೀಸ್ ಆಕ್ಷನ್ನಿಗೆ ಮುಂಚಿನ ಗದ್ದಲದಲ್ಲಿ ಅದನ್ನು ಕಟ್ಟುತ್ತಿದ್ದ ಗುತ್ತೇದಾರ ಊರು ಬಿಟ್ಟವನು ಮರಳಲಿಲ್ಲ. ಒಡ್ಡಿನ ಮೇಲೆ ಜಾಲಿ ಬೆಳೆದಿದೆ.

ಬಸ್ಸು ಒಂದು ಮಗ್ಗುಲಿಗೆ ವಾಲಿ, ಕಿರುಗುಟ್ಟಿ, ದಾಟಿತು. ಎಲ್ಲರೂ ಹತ್ತಿದೆವು.

ಡಾಕ್ ಬಂಗಲೆಯಲ್ಲಿ ಸಾಹೇಬರು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದರು. ನಮ್ಮನ್ನೂ ಕೂಡಿಸಿ ಉಣಿಸಿದರು. ಜಗಳಕ್ಕೆ ಹೋದವನಿಗೆ ಇದೊಂದು ತೊಡಕು. ಆದರೂ ನಾನು ಇಳಿಜಾರು, ಒಡ್ಡು, ಕಂಬ, ಸತ್ತ ಡ್ರೈವರ್ ಎಲ್ಲವನ್ನೂ ಸಾಲಾಗಿ ಇಟ್ಟೆ.

"ನೀವು ಹೇಳೂದು ಬಿಲ್ಕುಲ್ ಖರೇ," ಎಂದರು ಅವರು.

"ಹಂಗಾದ್ರ ಮಾಡ್ರೀ."

"ಯಾರ ರೊಕ್ಕದಾಗ? ಹೈದರಾಬಾದ್ ರಾಜ್ಯ ಒಡೀಲಾಕತ್ತದ. ನಾಳಿ ಈ ಜಿಲ್ಲಾ ಮೈಸೂರಿಗೆ ಹೋಗೂದದ ಅಂತಾರ. ಹೋಗೋ ಮಗಳಿಗೆ ಯಾರು ಮನಿ ಕಟ್ಟಿಸ್ತಾರ? ಅವರು ಬಂದು ಕಟ್ಟಲಿ."

"ಅಲ್ಲೀತನ?"

"ಅಲ್ಲೀತನ ಬಂದೋಬಸ್ತ್ ಆಗೇದಲ್ಲ. ಜನ ಇಳಿದು ಹೋಗ್ತಾರ. ಇಷ್ಟು ವರ್ಷದಾಗ ಒಬ್ಬ ಪ್ಯಾಸೆಂಜರ್ ಸತ್ತಿಲ್ಲ."

"ಡ್ರೈವರ್ ಮನಶ್ಯಾ ಅಲ್ಲೇನ್ರೀ?" ಅಕ್ಕ ಕೇಳಿದಳು.

ಸಾಹೇಬರು ಕೈ ತೊಳೆಯಲು ಎದ್ದರು. ನಿಜವಾಗಿ ನೊಂದುಕೊಂಡೇ ಎದ್ದರು. ವಿರೋಧಿಸುವವನನ್ನು ಸೋಲಿಸಬಹುದು, ಎಲ್ಲಕ್ಕೂ ಹೌದೆನ್ನುವವನನ್ನು ಸೋಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಹೊರಗೆ ಸಂತೆಯಲ್ಲಿ ಕೆಂಪು ಬಾಳೆಯ ಗೊನೆಗಳು ಹರಡಿದ್ದವು. ಅಕ್ಕ ಏನೂ ಕೊಳ್ಳಲಿಲ್ಲ. ಸಂಜೆಯ ಬಸ್ಸಿನಲ್ಲಿ ಮಾವನ ಬೆನ್ನ ಹಿಂದಿನ ಸೀಟಿನಲ್ಲಿ ಕುಳಿತಳು, ಪಕ್ಕದಲ್ಲಿ ನಾನು. ಸಣ್ಣಗೆ ಮಳೆ ಹಿಡಿದಿತ್ತು. ತಿರುವು ಬಂದಾಗ ಎಲ್ಲರೂ ಇಳಿದರು. ಅಕ್ಕ ಇಳಿಯಲಿಲ್ಲ, ನಾನೂ ಉಳಿದೆ.

"ಅಕ್ಕಾರ, ಉತರ್ನಾ," ಎಂದ ಖಾಸೀಮ.

"ನಾ ಇಳಿಯಂಗಿಲ್ಲ."

ನಾನು ಕಿಟಕಿಯಿಂದ ತಲೆ ಹೊರಹಾಕಿ ಕೆಳಗಿನವರಿಗೆ ಹೇಳಿದೆ: "ನೀವೂ ಹತ್ರೀ! ನೀವು ಇಳಿಯೂದಕ್ಕೇ ಸರಕಾರ ಸುಮ್ಮನದ. ಎಲ್ಲಾರೂ ಕುಂತು ಬಿಟ್ರ ಸಡಕು ತಾನ ಆಗ್ತದ!"

"ಸಡಕು ಆಗೂದ್ರಾಗ ನಾವು ಮಣ್ಣಾಗಿರ್ತೀವಿ, ವಕೀಲ ಸಾಬ," ಎಂದಳು ಬಾಳೆಹಣ್ಣು ಮಾರುವ ಒಬ್ಬ ಮುದುಕಿ. ಜನ ನಕ್ಕರು. ಆಮೇಲೆ ಕೂಗತೊಡಗಿದರು: "ಇಳಿಯವ್ವಾ ತಾಯಿ, ಕತ್ತಲಾಗಾಕತ್ತದ!"

ಮಾವ ಎಂಜಿನ್ ನಿಲ್ಲಿಸಿದ. ಹಿಂದೆ ತಿರುಗದೆಯೇ ಮಾತಾಡಿದ.

"ನೀಲಾ, ನೀ ಹಿಂದ ಕುಂತರ ನನ್ನ ಕೈ ನಡಗ್ತಾವ. ಕೈ ನಡಗಿದ್ರ ಈ ಹಸಿ ಸಡಕಿನ್ಯಾಗ ಗಾಡಿ ನಿಲ್ಲಂಗಿಲ್ಲ. ನಾ ಉಳೀಬೇಕಂದ್ರ ಇಳಿ."

"ಒಬ್ಬನೇ ಇದ್ರ ನಡಗಂಗಿಲ್ಲೇನು?"

ಅವನು ಕೋಟು ಬಿಚ್ಚಿ ಕಿಟಕಿಯಿಂದ ಖಾಸೀಮನಿಗೆ ಚಾಚಿದ. ಅವನ ಮಾತಿನಲ್ಲಿ ಬಿರುಕು ಹುಡುಕಿದೆ, ಸಿಗಲಿಲ್ಲ. ಅವನನ್ನು ಉಳಿಸಬೇಕಾದರೆ ಅವನನ್ನು ಒಬ್ಬನೇ ಬಿಡಬೇಕಿತ್ತು. ಒಬ್ಬನೇ ಬಿಡುವುದರಿಂದಲೇ ಆ ಸಡಕು ಹಾಗೇ ಉಳಿದಿತ್ತು. ಅಕ್ಕನ ಮೊಣಕೈ ಹಿಡಿದು ಎಬ್ಬಿಸಿದೆ. ಅವಳು ಎದ್ದಳು.

ಬಸ್ಸು ತಿರುಗುವಾಗ ಹಿಂದಿನ ಗಾಲಿ ಜಾರಿತು. ಜನರೆಲ್ಲ ಒಮ್ಮೆಲೇ ಉಸಿರೆಳೆದ ಸದ್ದು ಕೇಳಿತು. ಗಾಲಿ ಮತ್ತೆ ಹಿಡಿಯಿತು. ಬಸ್ಸು ಆಚೆ ಹೋಗಿ ನಿಂತಾಗ ಮುದುಕಿ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಅಕ್ಕ ಹಳ್ಳದ ಕಡೆಗೇ ಮುಖ ಮಾಡಿ ನಿಂತಿದ್ದಳು, ಬಸ್ಸನ್ನು ನೋಡಿರಲಿಲ್ಲ. ಹತ್ತಿ ಬಂದು, ಈ ಸಲ ಕಟ್ಟಕಡೆಯ ಸೀಟಿನಲ್ಲಿ ಕುಳಿತಳು.

ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ಕಲಬುರಗಿಯ ಕಡೆಯಿಂದ ಎದುರು ಬಂದು ನಮ್ಮನ್ನು ದಾಟಿ ಹೋದ ಇನ್ನೊಂದು ಬಸ್ಸು ಮಳೆಯಲ್ಲಿ ತಿರುವಿನ ಈಚೆ ನಿಂತಿತ್ತು. ಯಾರೂ ಹೇಳದೆಯೇ ಅದರ ಜನ ತಲೆಯ ಮೇಲೆ ಗೋಣಿಚೀಲ ಹೊದ್ದು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು.