ಏಕಾದಶಿ ಮಾಡುವ ನಾಯಿ

ನಮ್ಮ ಮನೆಗೆ ಬಂದ ನಾಯಿ ಉಣ್ಣುತ್ತಿರಲಿಲ್ಲ. ಇಷ್ಟು ಹೇಳಿ ಮುಗಿಸಬಹುದಾದ ಸಂಗತಿಯನ್ನು ನಮ್ಮ ಓಣಿಯವರು ಪುರಾಣ ಮಾಡಿಬಿಟ್ಟರು. ಸವಣೂರಿನ ನಮ್ಮ ಓಣಿಯಲ್ಲಿ ಯಾರಾದರೂ ಸೀನಿದರೆ ಅದಕ್ಕೂ ಒಂದು ಅರ್ಥ ಹೇಳುವವರಿದ್ದಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಇಪ್ಪತ್ತೆರಡು ವರ್ಷವಾಯಿತು. ಓಣಿಯ ಮೇಲೆ ಅದರ ಪರಿಣಾಮ ಸೊನ್ನೆ.

ನಾಯಿ ನನ್ನ ತಂಗಿಯದು. ಹಾನಗಲ್ಲಿನಲ್ಲಿದ್ದ ಅವಳ ಗಂಡನಿಗೆ ಎಲ್ಲೋ ದೂರಕ್ಕೆ ವರ್ಗವಾಯಿತು. ಸಾಮಾನು ಲಾರಿಗೆ ಹೇರಿದ ದಿನವೇ ಕಾರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ, "ಅಕ್ಕಾ, ಎಂಟೇ ದಿನ ಇಟ್ಕೋ. ಮನಿ ಸಿಕ್ಕ ಕೂಡ್ಲೆ ಬಂದು ಒಯ್ತೇವಿ" ಎಂದು ನಾಯಿಯನ್ನು ನನ್ನ ಕೈಗಿಟ್ಟು ಹೋದಳು. ಆ ಎಂಟು ದಿನ ಇನ್ನೂ ಮುಗಿದಿಲ್ಲ. ಬಿಳಿ ಪಾಮೇರಿಯನ್. ಕೂದಲು ಒಣಗಿದ್ದಾಗ ದುಂಡಗೆ ಕಾಣುತ್ತಿತ್ತು. ಮೈ ತೊಳೆದರೆ ಕೂದಲಿನೊಳಗೆ ನಾಯಿಯೇ ಇಲ್ಲ, ಬರೀ ಎಲುಬು. ತಂಗಿಯ ಮಗಳು ಅದಕ್ಕೊಂದು ಹೆಸರಿಟ್ಟಿದ್ದಳು, ಅದಕ್ಕೆ ನಮ್ಮತ್ತೆಯ ನಾಲಿಗೆ ಹೊರಳಲಿಲ್ಲ. ಹಾಗಾಗಿ ನಮ್ಮಲ್ಲಿ ಅದು ಬರೀ 'ಕೂಸು' ಆಯಿತು.

ಅತ್ತೆಗೆ ಎಪ್ಪತ್ತಮೂರು ವರ್ಷ. ಅಡಿಗೆಮನೆ ಅವರದು, ಅಲ್ಲಿಯ ಕಾಯ್ದೆಯೂ ಅವರದೇ. ನನ್ನ ಗಂಡ ಕೋರ್ಟಿನಲ್ಲಿ ಎದುರು ಪಾರ್ಟಿಯ ವಕೀಲರ ಮೇಲೆ ಗುಡುಗುವ ಮನುಷ್ಯ, ಮನೆಯಲ್ಲಿ ಚಹಾ ಬೇಕಾದರೆ ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತು ಕೇಳುತ್ತಾನೆ. ನಾಯಿ ಬಂದ ದಿನವೇ ಅತ್ತೆ ಆರ್ಡರು ಹೊರಡಿಸಿದರು.

"ಇರಲಿ ಪಾಪ, ಜೀವ ಅದ. ಆದ್ರ ನಾವು ಉಣ್ಣೂದು ಅದರ ಕಣ್ಣಿಗೆ ಬೀಳಬಾರದು."

ಅದರಂತೆ ಊಟದ ಹೊತ್ತಿಗೆ ನಾಯಿಯನ್ನು ಹಿತ್ತಲಿಗೆ ಬಿಟ್ಟು ಬಾಗಿಲು ಹಾಕುವುದು. ಎಲ್ಲರದೂ ಮುಗಿದು, ನೆಲ ಒರೆಸಿದ ಮೇಲೆ ಅದರ ತಟ್ಟೆಯನ್ನು ಒಗೆಯುವ ಕಲ್ಲಿನ ಪಕ್ಕ ಇಟ್ಟು ಬರುವುದು. ಅದು ತಟ್ಟೆಯನ್ನು ಮೂಸಿ, ನಮ್ಮನ್ನೊಮ್ಮೆ ನೋಡಿ, ಮುಖ ತಿರುಗಿಸಿ ಮಲಗುತ್ತಿತ್ತು.

ಉಣ್ಣದೆ ಇರುವವರನ್ನು ಸುಮ್ಮನೆ ಬಿಡುವುದು ನಮ್ಮ ಕಡೆಯವರಿಗೆ ಗೊತ್ತಿಲ್ಲ. ಬೀಗರು ಹೊಟ್ಟೆ ಬಿರಿಯುವ ಹಾಗೆ ಉಂಡು ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಬಿಡುವ ಜನ ನಾವು. ಅದೇ ಉಪಚಾರ ನಾಯಿಗೂ ಶುರುವಾಯಿತು. ಮೊಸರನ್ನ, ತುಪ್ಪ ಅನ್ನ, ಹಾಲಿನಲ್ಲಿ ಕಿವುಚಿದ ಚಪಾತಿ, ಹೆಸರುಬೇಳೆ ಪಾಯಸ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಒಂದೇ ತುತ್ತು, ನನ್ನಾಣಿ ಅದ ನಿನಗ" ಅನ್ನುತ್ತಿದ್ದರು. ನಾಯಿ ಆಣೆಗೆ ಬಗ್ಗಲಿಲ್ಲ. ಸಂಜೆಗೊಮ್ಮೆ ಬೆಲ್ಲದ ಹಾಲು ನೆಕ್ಕುತ್ತಿತ್ತು, ಹಗಲೆಲ್ಲ ಅಡಿಗೆಮನೆಯ ಹೊಸ್ತಿಲಾಚೆ ಮಲಗಿ ಅತ್ತೆಯನ್ನೇ ನೋಡುತ್ತಿತ್ತು. ಅತ್ತೆ ಒಳಗಿನಿಂದ ಅದರ ಜೊತೆ ಮಾತಾಡುತ್ತಿದ್ದರು. ಇವತ್ತಿನ ಬದನೆಕಾಯಿ ಕಹಿ, ಹಾಲಿನವ ನೀರು ಹಾಕಿದಾನೆ, ನಿಮ್ಮ ಟೀಚರಬಾಯಿಗೆ ಉಪ್ಪಿನ ಅಂದಾಜು ಇಲ್ಲ, ಹೀಗೆ. ನನ್ನ ಮುಂದೆ ಇಷ್ಟು ವರ್ಷದಲ್ಲಿ ಆಡದ ಮಾತನ್ನೆಲ್ಲ ಅದರ ಮುಂದೆ ಆಡಿದರು. ಆದರೆ ಮಡಿ ಅಂತ ಒಮ್ಮೆಯೂ ಮುಟ್ಟಲಿಲ್ಲ.

ಎದುರು ಮನೆಯವರದು ಕಿರಾಣಿ ಅಂಗಡಿ. ಅಲ್ಲಿಯ ಅಕ್ಕ, ತಕ್ಕಡಿಯ ಮೇಲೆ ಪೇಪರು ಹಾಸಿ ನಾಯಿಯನ್ನು ಕೂರಿಸಿ ತೂಗಿಕೊಡುತ್ತಿದ್ದಳು. ಬಂದಾಗ ಮೂರು ಕಿಲೋ ಇತ್ತು. ತಿಂಗಳು ಕಳೆಯುವಷ್ಟರಲ್ಲಿ ಎರಡು ಕಿಲೋ ಏಳುನೂರು ಗ್ರಾಂ.

"ನಮ್ಮ ಬೆಲ್ಲದ ಪೆಂಟಿನ ಇದಕಿಂತ ಜಡಾ ಐತ್ರಿ ಬಾಯಾರ" ಎಂದಳು, ಪಕ್ಕದಲ್ಲಿದ್ದ ಬೆಲ್ಲದ ಉಂಡೆ ತೋರಿಸಿ.

ಇಷ್ಟರಲ್ಲಿ ಮತ್ತೊಂದು ಏಕಾದಶಿ ಬಂತು. ಅತ್ತೆ ಏಕಾದಶಿಯ ದಿನ ಹನಿ ನೀರು ಮುಟ್ಟುವವರಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಂದೂ ತಪ್ಪಿಲ್ಲ. ಪಿತ್ತಕೋಶದ ಆಪರೇಷನ್ ಆದ ವಾರವೂ ಬಿಟ್ಟಿರಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ಅಕ್ಕಿ ಬೇಯುವುದಿಲ್ಲ. ನನಗೂ ಗಂಡನಿಗೂ ಹಣ್ಣು, ಹಾಲು. ನಾಯಿಗೆ ಮಾತ್ರ ನಾನು ಸಂಜೆ ಬೆಲ್ಲದ ಹಾಲು ಇಟ್ಟೆ. ದಿನಾ ನೆಕ್ಕುವ ಹಾಲನ್ನು ಅದು ಅವತ್ತು ಮೂಸಿ ಬಿಟ್ಟುಬಿಟ್ಟಿತು. ಹಾಲು ಸ್ವಲ್ಪ ಸೀದಿತ್ತು, ಸೀಯಿಸಿದವಳು ನಾನೇ. ಆದರೆ ಅತ್ತೆಯ ಕಣ್ಣು ಅಗಲವಾದವು.

"ನೋಡ್ದೇನ? ಹಾಲೂ ಒಲ್ಲೆ ಅಂತು! ಏಕಾದಶಿ ಮಾಡ್ಲಿಕ್ಹತ್ತದ, ನಮ್ಮವ್ವಾ!"

"ಅತ್ಯಾ, ಅದು ನಿನ್ನೆ ದಶಮೀನೂ ಮಾಡ್ಯದ, ಮೊನ್ನೆ ನವಮೀನೂ ಮಾಡ್ಯದ" ಎಂದೆ ನಾನು. ಕೇಳುವವರು ಯಾರು?

ಮರುದಿನ ದ್ವಾದಶಿ. ಬೆಳಗಾಗುವಷ್ಟರಲ್ಲಿ ಮೂಲೆಮನೆಯ ಆಚಾರ್ಯರು ಹಾಜರು. ಇವರು ಓಣಿಗೆ ಪಂಚಾಂಗ, ನ್ಯಾಯ, ಸುದ್ದಿ ಮೂರನ್ನೂ ಪೂರೈಸುವವರು. ನಾಯಿಯ ಮುಂದೆ ಕೈಕಟ್ಟಿ ನಿಂತು, "ಹಿಂದಿನ ಜನ್ಮದಾಗ ಯಾರೋ ದೊಡ್ಡ ಜೀವ ಇದು. ಸ್ವಲ್ಪು ಕರ್ಮ ಉಳದಿತ್ತು, ತೀರಿಸ್ಲಿಕ್ಕೆ ಬಂದದ" ಎಂದು ತೀರ್ಪು ಕೊಟ್ಟರು. ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ನಾಲ್ಕು ಮಂದಿ ಹೆಂಗಸರು ಬಂದು ನೋಡಿ ಹೋದರು. ಒಬ್ಬಾಕೆ ಉಪ್ಪಿಟ್ಟು ತಂದು ಹಾಕಿ, ಅದು ಮುಖ ತಿರುಗಿಸಿದ್ದನ್ನು ಕಂಡು ಕಣ್ಣೊರೆಸಿಕೊಂಡಳು: "ನಮ್ಮ ಮಾವನವರೂ ಉಪ್ಪಿಟ್ಟು ಕಂಡ್ರ ಥೇಟ್ ಹಿಂಗ ಮಾಡ್ತಿದ್ರು." ಆ ಮಾವನನ್ನು ಬದುಕಿದ್ದಾಗ ಆಕೆ ಹೇಗೆ ನೋಡಿಕೊಂಡಳೆಂದು ಓಣಿಗೆಲ್ಲ ಗೊತ್ತಿದೆ. ರಟ್ಟೀಹಳ್ಳಿಯಿಂದ ಯಾರೋ ಬಸ್ಸು ಹತ್ತಿ ಬಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು.

ಎದುರು ಅಂಗಡಿಯ ಅಕ್ಕನೂ ಸುಮ್ಮನೆ ಬಿಡಲಿಲ್ಲ. ಅವರದು ಶಿವನ ಮನೆ.

"ಬಾಯಾರ, ಸೋಮವಾರ ಏನರ ತಿಂದಿತ್ತೇನ್ರಿ?"

"ಇಲ್ಲ."

"ಮತ್ತ? ಅದು ನಮ್ಮ ಪೈಕಿ ಐತ್ರಿ. ಸೋಮವಾರ ಹಿಡದೈತಿ!"

ಗುರುವಾರದ ಉಪವಾಸದವರು ಬಂದು ಗುರುವಾರವೂ ತಿಂದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು. ವಾರದ ಏಳೂ ದಿನ ಒಂದೊಂದು ದೇವರಿಗೆ ಹಂಚಿಹೋದವು. ನಾಯಿಗೆ ಊಟ ಹಾಕಲು ಉಳಿದ ದಿನ ಯಾವುದು ಎಂದು ಯಾರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕೈಮುಗಿಯುವವರ ನಡುವೆ ಅದು ದಿನಾ ಒಂದಿಷ್ಟು ಸವೆಯುತ್ತಿತ್ತು, ಮತ್ತು ಸವೆದಷ್ಟೂ ಅದರ ಕೀರ್ತಿ ಹೆಚ್ಚುತ್ತಿತ್ತು. ಮುಂದಿನ ಸಲ ತೂಗಿದಾಗ ಎರಡು ಕಿಲೋ ನಾಲ್ಕುನೂರು.

ದನದ ಡಾಕ್ಟರನ್ನು ಕರೆಸಿದೆ. ಎಮ್ಮೆ, ಎತ್ತುಗಳ ನಡುವೆ ಆಯುಷ್ಯ ಕಳೆದ ಮನುಷ್ಯ. ನಾಯಿಯನ್ನು ಒಂದೇ ಅಂಗೈಯಲ್ಲಿ ಎತ್ತಿ, ಒಸಡು ನೋಡಿ, ಬೆನ್ನು ಸವರಿ, ರಕ್ತ ತೆಗೆದುಕೊಂಡು ಹೋಗಿ, ಎರಡು ದಿನ ಬಿಟ್ಟು ಬಂದರು.

"ರೋಗ ಏನೂ ಇಲ್ರಿ. ಹಸಕೊಂಡು ಸಾಯಾಕತ್ತೈತಿ, ಅಷ್ಟ. ಒಂದು ತತ್ತಿ ಕುದಿಸಿ ಹಾಕ್ರಿ. ಇನ್ನ ಇನ್ನೂರು ಗ್ರಾಂ ಇಳೀತಂದ್ರ ಉಳಿಯಂಗಿಲ್ಲ."

ತತ್ತಿ! ನಮ್ಮ ಓಣಿಯಲ್ಲಿ ತತ್ತಿ ಕುದಿಸುವ ಪಾತ್ರೆಯೇ ಇಲ್ಲ. ನಾನು ಒಂದು ತತ್ತಿ ಕೊಂಡು, ಶಾಲೆಯ ಬಿಸಿಯೂಟದ ಅಡಿಗೆಯಾಕೆಯ ಕೈಕಾಲು ಹಿಡಿದು, ಮಕ್ಕಳ ತತ್ತಿಯ ಜೊತೆಯಲ್ಲೇ ಕುದಿಸಿಕೊಂಡು, ಕರವಸ್ತ್ರದಲ್ಲಿ ಸುತ್ತಿ ಉತ್ತರಪತ್ರಿಕೆಗಳ ಕೆಳಗಿಟ್ಟು ಮನೆಗೆ ತಂದೆ. ಇಪ್ಪತ್ತೆರಡು ವರ್ಷ ಕಾಪಿ ಹೊಡೆಯುವವರನ್ನು ಹಿಡಿದವಳು, ಅವತ್ತು ನನ್ನ ಎದೆ ಅವರದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹಿತ್ತಲಲ್ಲಿ ಪುಡಿ ಮಾಡಿ ಇಟ್ಟೆ. ಮಹಾರಾಯ ನಾಯಿ ಮೂಸಿತು, ಮುಖ ತಿರುಗಿಸಿ ಮಲಗಿತು. ಅಯ್ಯೋ ನಿನ್ನ, ಎಂದು ತಲೆ ಚಚ್ಚಿಕೊಂಡೆ. ಒಳಗಿನಿಂದ ಅತ್ತೆ, "ಏನೋ ಒಂಥರಾ ವಾಸನಿ ಬರ್ಲಿಕ್ಹತ್ತದಲ್ಲ?" ಎಂದರು. ಗಟಾರ ಇರಬೇಕು ಎಂದೆ.

ಮುಂದಿನ ಏಕಾದಶಿಯ ಹೊತ್ತಿಗೆ ಅದು ಹೊಸ್ತಿಲವರೆಗೂ ನಡೆದು ಬರಲಾರದಾಯಿತು. ಮಧ್ಯಾಹ್ನ ಡಾಕ್ಟರು ಮತ್ತೆ ಬಂದರು. ಈ ಸಲ ಅಂಗೈಯಲ್ಲಿ ಎತ್ತಲಿಲ್ಲ.

"ನಾಳೆ ಮುಂಜಾನಿ ತನಕ ಏನೂ ತಗೊಳ್ಳಿಲ್ಲಂದ್ರ ಧಾರವಾಡಕ್ಕ ಒಯ್ದು ಸಲೈನ್ ಹಚ್ಚಸ್ರಿ. ದಾರಿ ತಡಕೋತೈತೋ ಇಲ್ಲೋ, ನಾ ಹೇಳಂಗಿಲ್ಲ."

ಅತ್ತೆ ಒಳಗೆ ಜಪಮಣಿ ಹಿಡಿದು ಕೂತಿದ್ದರು. ಮಣಿ ಮುಂದೆ ಹೋಗುತ್ತಿರಲಿಲ್ಲ ಎಂಬುದನ್ನು ನಾನು ನೋಡಿದೆ.

ನನಗೆ ತಡೆಯದೆ ತಂಗಿಗೆ ಫೋನು ಹಚ್ಚಿ ಬೈಯತೊಡಗಿದೆ. ಫೋನನ್ನು ಅವಳ ಮಗಳು ಕಸಿದುಕೊಂಡಳು, ಅಳುತ್ತಿದ್ದಳು.

"ಮಾವಶಿ, ಅದು ತಾನೊಂದೇ ಉಣ್ಣೂದಿಲ್ಲ! ನಾ ಒಂದ್ ತುತ್ತು ಉಂಡ ಮ್ಯಾಲೆ ಅದಕ್ಕೊಂದ್ ತುತ್ತು. ನೀವು ಅದರ ಮುಂದ ಉಣ್ಣೂದಿಲ್ಲೇನು?"

ಹೌದು, ನಾವು ಉಣ್ಣುವುದಿಲ್ಲ. ಎರಡು ತಿಂಗಳಿನಿಂದ ಅದನ್ನು ಹಿತ್ತಲಿಗೆ ಹಾಕಿ, ಬಾಗಿಲು ಮುಚ್ಚಿ, ಕದ್ದು ಉಣ್ಣುವವರಂತೆ ಉಂಡಿದ್ದೇವೆ. ನಾಚಿಕೆಯಾಯಿತು ನನಗೆ. ಇಷ್ಟು ಸಣ್ಣ ವಿಷಯವನ್ನು ಎರಡು ತಿಂಗಳಲ್ಲಿ ಕಂಡುಹಿಡಿಯಲಾರದ ವಿಜ್ಞಾನದ ಟೀಚರು!

ಮನೆಯಲ್ಲಿ ಅನ್ನ ಇಲ್ಲ. ಎದುರಿನ ಅಕ್ಕನಿಗೆ ಕೂಗಿ ಹೇಳಿದೆ. ಆಕೆ ಅಂಗಡಿ ಹಾಗೆಯೇ ಬಿಟ್ಟು, ಒಂದು ಬಟ್ಟಲು ಬಿಸಿ ಅನ್ನಕ್ಕೆ ಹಾಲು ಮೊಸರು ಕಲಸಿಕೊಂಡು ಓಡಿಬಂದಳು. ನಾನು ಹಿತ್ತಲಲ್ಲಿ ನೆಲದ ಮೇಲೆ ಕೂತು, ಅದಕ್ಕೆ ಕಾಣುವ ಹಾಗೆ ಒಂದು ತುತ್ತು ಉಂಡು, ಒಂದನ್ನು ಅದರ ಬಾಯಿಗೆ ಹಿಡಿದೆ. ಇಲ್ಲ. ಇನ್ನೊಂದು ಉಂಡೆ. ಇಲ್ಲ. ಅಂಗಡಿಯ ಅಕ್ಕನೂ ಕೂತು ಉಂಡಳು. ಅದು ನಮ್ಮಿಬ್ಬರನ್ನೂ ನೋಡಲೇ ಇಲ್ಲ. ಕುತ್ತಿಗೆ ನೆಲಕ್ಕೆ ಹಚ್ಚಿಕೊಂಡು, ಅಡಿಗೆಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯನ್ನೇ ನೋಡುತ್ತಿತ್ತು.

ಅದು ಯಾರನ್ನು ನೋಡುತ್ತಿದೆ ಎಂದು ಅತ್ತೆಗೂ ತಿಳಿಯಿತು. ಜಪಮಣಿಯನ್ನು ಗೂಟಕ್ಕೆ ಹಾಕಿದರು. ಹೊಸ್ತಿಲು ದಾಟಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಇಳಿದು ಬಂದು, ನೆಲದ ಮೇಲೆ ಕೂತು ಕೈ ಚಾಚಿದರು.

"ತಾ ಇಲ್ಲೆ."

"ಅತ್ಯಾ, ಇವತ್ತು ಏಕಾ..."

"ನನಗ ತಿಥಿ ಹೇಳಿಕೊಡ್ತೀ?"

ಅಂಗಡಿಯ ಅಕ್ಕ ಬಟ್ಟಲನ್ನು ಅವರ ಮುಂದೆ ಸರಿಸಿದಳು. ಬೇರೆ ಮನೆಯಲ್ಲಿ ಬೆಂದ ಅನ್ನ. ಆಕೆಯ ಮನೆಯ ನೀರನ್ನು ಸಹ ಅತ್ತೆ ಈವರೆಗೆ ಕುಡಿದಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟುಕೊಂಡರು. ಒಣಗಿದ ಬಾಯಿ, ಅಗಿಯಲು ಹೊತ್ತು ಹಿಡಿಯಿತು. ನುಂಗಿದರು. ಆಮೇಲೆ ಅದೇ ಕೈಯಿಂದ ನಾಯಿಯ ಮುಂದೆ ಒಂದು ಚೂರು ಹಿಡಿದರು. ನಾಯಿ ಕುತ್ತಿಗೆ ಎತ್ತಿತು. ನೆಕ್ಕಿತು, ನುಂಗಿತು, ಮತ್ತೆ ಅವರ ಬಾಯಿಯ ಕಡೆ ನೋಡಿತು. ಇವರದೊಂದು, ಅದರದೊಂದು, ಹೀಗೆ ಅರ್ಧ ಬಟ್ಟಲು ಖಾಲಿಯಾಯಿತು. ಅತ್ತೆಯ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಎಂಜಲಾಗಿತ್ತು. ನಾನು ಸೆರಗಿನಿಂದ ಒರೆಸಿದೆ.

ಮರುದಿನ ಬೆಳಗಿನ ಪಾರಣೆಯ ಹೊತ್ತಿಗೆ ಆಚಾರ್ಯರು ಇಬ್ಬರು ಮೂವರನ್ನು ಕರೆದುಕೊಂಡು ಬಂದರು. ಒಬ್ಬರ ಕೈಯಲ್ಲಿ ನಾಯಿಗೆಂದು ತುಳಸಿಮಾಲೆ. ಅತ್ತೆ ಪಡಸಾಲೆಯಲ್ಲಿ ಕೂತಿದ್ದರು, ಮುಂದೆ ಅನ್ನದ ತಟ್ಟೆ, ತಟ್ಟೆಯಾಚೆ ನಾಯಿ.

"ಹೆಂಗ್ರಿ ಬಾಯಾರ, ನಮ್ಮ ಭಕ್ತನ ಏಕಾದಶಿ ಚಂದ ಆತೋ?"

"ಆಗ್ಲಿಲ್ಲ ಆಚಾರ್ರ. ಅದೂ ಉಂಡ್ತು, ನಾನೂ ಉಂಡೆ. ಅನ್ನಾನೇ ಉಂಡ್ವಿ."

ಮಾಲೆ ತಂದವರು ಅದನ್ನು ಬೆನ್ನ ಹಿಂದೆ ಹಿಡಿದರು. ಆಚಾರ್ಯರು ಸಾವರಿಸಿಕೊಂಡು, ದನಿ ತಗ್ಗಿಸಿ, "ಇರ್ಲಿ, ಇರ್ಲಿ. ಪ್ರಾಯಶ್ಚಿತ್ತ ಅದ. ಮುಂದಿನ ಏಕಾದಶಿಗೆ ನೀವು..." ಎಂದು ಶುರು ಮಾಡಿದರು.

"ಮುಂದಿನ ಏಕಾದಶಿಗೂ ಉಣ್ಣಾಕಿನ" ಎಂದರು ಅತ್ತೆ. "ಇದರ ತೂಕ ಮೊದ್ಲು ಏರ್ಲಿ. ನನ್ನ ಪುಣ್ಯ ಆಮ್ಯಾಲೆ ನೋಡೂಣು."

ಅಂದು, ಅವರ ಮುಂದೆಯೇ ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡರು.